ಬೇರೆಯವರು ಮಡಿಸಿದ ಚಾದರ

ಫ್ಯಾನಿನ ಎರಡು ರೆಕ್ಕೆ ಒರೆಸಿಯಾಗಿತ್ತು, ಮೂರನೆಯದು ಬಾಕಿ. ವಿಳಾಸಪ್ಪ ಒದ್ದೆ ಬಟ್ಟೆ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದ. ಹೆಂಡತಿ ಸ್ಟೂಲನ್ನು ಹಿಡಿದು ಕೆಳಗೆ ನಿಂತಿದ್ದಳು. ಸ್ಟೂಲಿನ ಒಡೆಯರಾದ ಎದುರು ಮನೆಯ ಹಲ್ಲಿನ ಡಾಕ್ಟರು, ಕೊಟ್ಟು ಒಂಬತ್ತು ದಿನವಾದರೂ ವಾಪಸು ಬರಲಿಲ್ಲವೆಂದು, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಹೀಗೆ ಒಂದು ಸ್ಟೂಲಿಗಾಗಿ ಮೂವರು ನಿಂತಿದ್ದ ಹೊತ್ತಿನಲ್ಲಿ ಹೆಂಡತಿ ಹೇಳಿದಳು:

“ರೀ, ನಂಗೆ ರಜಾ ಸಿಕ್ತು. ಮುಂದಿನ ತಿಂಗಳು ಹನ್ನೆರಡರಿಂದ ಹದಿನೈದು. ನಾಲ್ಕು ದಿನ.”

ವಿಳಾಸಪ್ಪನ ಕೈ ರೆಕ್ಕೆಯ ಮೇಲೇ ನಿಂತಿತು. ಅವಳು ಕೆಲಸ ಮಾಡುತ್ತಿದ್ದುದು ಊರಿನ ದೊಡ್ಡ ಲಾಂಡ್ರಿಯಲ್ಲಿ. ಆಸ್ಪತ್ರೆಯದು, ಹಾಸ್ಟೆಲಿನದು, ರೈಲಿನದು ಎಂದು ದಿನಕ್ಕೆ ಮುನ್ನೂರು ಚಾದರ ಅವಳ ಕೈಯಲ್ಲಿ ಮಡಿಕೆಯಾಗುತ್ತಿದ್ದವು. ಇಪ್ಪತ್ತೆರಡು ವರ್ಷದಲ್ಲಿ ಅವಳು ಕೇಳಿದ್ದು ಒಂದೇ ಒಂದು. ನಾಲ್ಕು ದಿನ ಬೇರೆ ಊರಿನ ಒಂದು ಹೋಟೆಲಿನಲ್ಲಿ, ಬೇರೆಯವರು ಮಡಿಸಿದ ಚಾದರದ ಮೇಲೆ ಮಲಗಬೇಕು. ಬೆಳಿಗ್ಗೆ ಯಾರಾದರೂ ಬಾಗಿಲು ತಟ್ಟಿ ಚಾ ತಂದುಕೊಡಬೇಕು. ಇಪ್ಪತ್ತೆರಡು ವರ್ಷವೂ ವಿಳಾಸಪ್ಪ “ಆಯ್ತು” ಎಂದಿದ್ದ. ಆಯ್ತು ಎನ್ನುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

“ಈ ಸಲ ಹೋಗ್ಲಿಲ್ಲ ಅಂದ್ರೆ ಇನ್ಯಾವತ್ತೂ ಕೇಳಲ್ಲ,” ಎಂದಳು ಅವಳು. ಬೈದಿದ್ದರೆ ವಿಳಾಸಪ್ಪ ಹೆದರುತ್ತಿರಲಿಲ್ಲ. ಕೇಳಲ್ಲ ಎಂದದ್ದಕ್ಕೆ ಎದೆ ಧಸಕ್ಕೆಂದಿತು.

ಆದರೆ ಡಾಕ್ಟರು ಬಾಗಿಲಲ್ಲಿದ್ದರು. ಡಾಕ್ಟರೆದುರಿಗೆ ಎದೆ ಧಸಕ್ಕೆನ್ನುವುದನ್ನು ತೋರಿಸಿಕೊಳ್ಳುವ ಹಾಗಿಲ್ಲ. ಸ್ಟೂಲಿನ ಮೇಲಿದ್ದವನಿಗೆ ಎತ್ತರದ ಅಮಲೂ ಏರಿತ್ತು.

“ಹೋಗೋಣ,” ಎಂದ ವಿಳಾಸಪ್ಪ, ಒದ್ದೆ ಬಟ್ಟೆಯನ್ನು ಶಾಲಿನಂತೆ ಹೆಗಲಿಗೆ ಹಾಕಿಕೊಂಡು. “ಆದ್ರೆ ಹೋಟೆಲು ಅಂದ್ರೆ ಸಿಕ್ಕಿದ ಹೋಟೆಲಲ್ಲ. ಕಳೆ ಇರ್ಬೇಕು. ಕಳೆ ಇರೋ ಹೋಟೆಲ್ ಹುಡುಕೋದು ಒಂದು ವಿದ್ಯೆ ಡಾಕ್ಟ್ರೇ. ಅದೂ ಆಫ್ ಸೀಸನ್ನಲ್ಲೇ ಹೋಗ್ಬೇಕು. ಸೀಸನ್ನಲ್ಲಿ ಹೋಗೋರೆಲ್ಲ ಕುರಿಗಳು.”

ಪ್ರತಿ ವರ್ಷ ಸೀಸನ್ನಿನಲ್ಲೇ ಹೋಗಿಬರುತ್ತಿದ್ದ ಡಾಕ್ಟರು ನೆಟ್ಟಗೆ ನಿಂತರು. “ಓಹೋ! ನಿಮ್ಗೆ ಇದೆಲ್ಲ ಗೊತ್ತಾ?”

“ಏನೋ, ಸ್ವಲ್ಪ,” ಎಂದ ವಿಳಾಸಪ್ಪ. ಅವನು ಹುಟ್ಟಿದ ಮೇಲೆ ಹೋಟೆಲಿನಲ್ಲಿ ಮಲಗಿದ್ದೇ ಇಲ್ಲವೆಂಬುದನ್ನು ಅವನ ಹೆಂಡತಿ ಹೇಳಬಹುದಿತ್ತು. ಹೇಳಲಿಲ್ಲ. ಸ್ಟೂಲನ್ನು ಮಾತ್ರ ಒಂದು ಸಲ ಅಲ್ಲಾಡಿಸಿದಳು.

ಡಾಕ್ಟರು ಸ್ಟೂಲು ಮರೆತು ಹೊರಟುಹೋದರು. ಸಂಜೆಯೊಳಗೆ ಕಟ್ಟಡದ ಮೂರೂ ಅಂತಸ್ತಿಗೆ ಸುದ್ದಿ ಹರಡಿತು: ನಮ್ಮ ವಿಳಾಸಪ್ಪ ಹೋಟೆಲು ಆರಿಸುವುದರಲ್ಲಿ ಎತ್ತಿದ ಕೈ.

ವಿಳಾಸಪ್ಪ ಎಂಬುದು ಅವನ ಹೆಸರಲ್ಲ. ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತಿತ್ತು. ದೊಡ್ಡ ಅಂಚೆ ಕಚೇರಿಯ ಹಿಂಭಾಗದಲ್ಲಿ, ಸೈಕಲ್ ನಿಲ್ಲಿಸುವ ಜಾಗ ದಾಟಿದ ಮೇಲೆ, ತಲುಪದ ಕಾಗದಗಳ ವಿಭಾಗವೆಂದು ಒಂದು ಕೋಣೆಯಿದೆ. ಊರು ಬರೆಯದವು, ಮನೆ ನಂಬರು ತಪ್ಪಿದವು, “ಅಕ್ಕನ ಮನೆ, ಹಸಿರು ಬಾಗಿಲು” ಎಂದಷ್ಟೇ ಬರೆದವು, ಎಲ್ಲ ಅಲ್ಲಿಗೆ ಬಂದು ಬೀಳುತ್ತವೆ. ಅವಕ್ಕೆ ವಿಳಾಸ ಹುಡುಕುವುದು ಅವನ ಕೆಲಸ. ಹಸಿರು ಬಾಗಿಲಿನ ಅಕ್ಕನನ್ನು ಅವನು ನಿಜಕ್ಕೂ ಹುಡುಕಿಕೊಟ್ಟಿದ್ದ. ಅಷ್ಟು ಹೊತ್ತಿಗೆ ಅಕ್ಕ ಬಾಗಿಲಿಗೆ ನೀಲಿ ಬಣ್ಣ ಬಳಿಸಿದ್ದಳು.

ಆ ಕೋಣೆಯಲ್ಲಿ ವರ್ಷ ತುಂಬಿದರೂ ಯಾರಿಗೂ ಸೇರದ ಜಾಹೀರಾತು ಚೀಟಿಗಳನ್ನು ರದ್ದಿಗೆ ಹಾಕುತ್ತಾರೆ. ವಿಳಾಸಪ್ಪ ಅದರಿಂದ ಹೋಟೆಲುಗಳ ಚೀಟಿಗಳನ್ನೆಲ್ಲ ಆರಿಸಿ ಒಂದು ಚೀಲ ತುಂಬಿಕೊಂಡು ಬಂದ. ಮೇಜಿನ ಮೇಲೆ ಕಚೇರಿಯಲ್ಲಿದ್ದಂತೆಯೇ ಮೂರು ಗುಡ್ಡೆ ಮಾಡಿದ: ಸರಿ, ಅನುಮಾನ, ವಾಪಸು.

“ಇದು ನೋಡು, ನಗರದ ಹೃದಯಭಾಗದಲ್ಲಿದೆಯಂತೆ,” ಎಂದ.

“ಹೃದಯ ಅಂದ್ರೆ ಹಗಲೂರಾತ್ರಿ ಬಡ್ಕೋತಾ ಇರತ್ತೆ. ನಿದ್ದೆ ಬರಲ್ಲ,” ಎಂದಳು ಹೆಂಡತಿ. ವಾಪಸು.

“ಇದ್ರಲ್ಲಿ ನದಿ ಕಾಣತ್ತಂತೆ.”

“ನದಿ ಫೋಟೋ ಇದೆ, ಕಿಟಕಿ ಫೋಟೋ ಎಲ್ಲಿ?” ಅನುಮಾನ.

ಮೂರನೆಯದರಲ್ಲಿ ಅರಮನೆಯಂಥ ಮಂಚ, ಹಂಸದ ಆಕಾರಕ್ಕೆ ತಿರುಚಿಟ್ಟ ಟವೆಲು. ಹೆಂಡತಿ ಫೋಟೋವನ್ನು ಮೂಗಿನ ಹತ್ತಿರ ಹಿಡಿದು, ರೋಗಿಯ ನಾಲಿಗೆ ನೋಡುವ ವೈದ್ಯರಂತೆ ನೋಡಿದಳು. “ಈ ಚಾದರಕ್ಕೆ ಇಸ್ತ್ರಿಯೇ ಆಗಿಲ್ಲ. ಎಳೆದು ಹಾಸಿಗೆ ಕೆಳಗೆ ಸಿಕ್ಕಿಸಿದಾರೆ. ಪಾಪ, ಹಂಸಾನೂ ಒದ್ದೆ ಇದೆ.”

ಹೀಗೆ ಮೂವತ್ತು ಚೀಟಿ ವಾಪಸು ಗುಡ್ಡೆಗೆ ಹೋದ ಮೇಲೆ ಚೀಲದ ತಳದಲ್ಲಿ ಒಂದು ಸಣ್ಣ ಕಾರ್ಡು ಸಿಕ್ಕಿತು. ಫೋಟೋ ಇಲ್ಲ, ಬಣ್ಣ ಇಲ್ಲ. ಹಿಂದೆ ವಿಳಾಸ, ಮುಂದೆ ಹಸಿರು ಶಾಯಿಯ ಅಚ್ಚಿನಲ್ಲಿ ಹೀಗಿತ್ತು:

‘ನಾಲ್ಕು ಕೋಣೆಗಳಿವೆ. ಕಿಟಕಿಗಳು ತೆರೆಯುತ್ತವೆ. ಮೂರನೆಯ ಮೆಟ್ಟಿಲು ಕಿರುಗುಡುತ್ತದೆ, ದೂರಬೇಡಿ. ಬೆಳಗಿನ ಚಾ ಕೋಣೆಗೇ ಬರುತ್ತದೆ. ಚಾದರಗಳನ್ನು ನಾನೇ ಮಡಿಸುತ್ತೇನೆ. ಸೀಸನ್ನಿನಲ್ಲಿ ಬರಬೇಡಿ, ಆಗ ನನ್ನ ನೆಂಟರಿರುತ್ತಾರೆ. ಫೋನಿಲ್ಲ. ಬರುವವರು ನೀವು ಯಾರು, ಯಾಕೆ ಬರುತ್ತೀರಿ ಎಂದು ಕಾಗದ ಬರೆಯಿರಿ. ಫೋನಿನಲ್ಲಿ ಕೇಳಿ ಬರುವವರು ಜಗಳವಾಡುತ್ತಾರೆ, ಬರೆದು ಬರುವವರು ಆಡುವುದಿಲ್ಲ.’

ಹೆಂಡತಿ ಕಾರ್ಡಿನ ಮೇಲೆ ಬೆರಳಿಟ್ಟಳು. “ಇದೇ.”

ಆರಿಸುವ ವಿದ್ಯೆ ಅಲ್ಲಿಗೆ ಮುಗಿಯಿತು. ಇನ್ನುಳಿದದ್ದು ಒಂದು ಕಾಗದ. ಆದರೆ ಕಾಗದ ಹಾಕುವ ವಿಷಯದಲ್ಲಿ ವಿಳಾಸಪ್ಪನಷ್ಟು ಪುಕ್ಕಲು ಮನುಷ್ಯ ಆ ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಕಟುಕನ ಮನೆಯಲ್ಲಿ ಬೆಳೆದ ಕೋಳಿಗೆ ಕತ್ತಿಯ ವಿಷಯ ಗೊತ್ತಿದ್ದಷ್ಟು ಅವನಿಗೆ ಅಂಚೆಯ ವಿಷಯ ಗೊತ್ತಿತ್ತು. ಮಳೆಯಲ್ಲಿ ವಿಳಾಸ ಕರಗಿದ ಕಾಗದ ಕಂಡಿದ್ದ. ಇನ್ನೊಂದು ಲಕೋಟೆಗೆ ಅಂಟಿಕೊಂಡು ಹನ್ನೊಂದು ವರ್ಷ ಜೊತೆಯಾಗಿ ಊರೂರು ಸುತ್ತಿದ ಕಾಗದ ಕಂಡಿದ್ದ. ಬಸವನಹುಳು ತಿಂದ ಪ್ರೇಮಪತ್ರವೊಂದು ಅವನ ಮೇಜಿನ ಮೇಲೇ ಇತ್ತು. ಅದರಲ್ಲಿ “ನಿನ್ನ” ಮತ್ತು “ಮಾವ” ಎರಡೇ ಉಳಿದಿದ್ದವು.

ಆದ್ದರಿಂದ ಅವನು ವಿಳಾಸವನ್ನು ಲಕೋಟೆಯ ಮುಂದೊಂದು ಸಲ, ಹಿಂದೊಂದು ಸಲ, ಒಳಗೊಂದು ಸಲ ಬರೆದ. ನೀರು ತಾಗಬಾರದೆಂದು ಮೇಲೆ ಮೇಣದ ಬತ್ತಿ ಉಜ್ಜಿದ. ಮೇಣದ ಮೇಲೆ ಅಂಚೆಚೀಟಿ ಅಂಟಲಿಲ್ಲ. ಮೇಣ ಕೆರೆದ. ಕೆರೆದಲ್ಲಿ ವಿಳಾಸವೂ ಹೋಯಿತು.

ಒಳಗಿನ ಕಾಗದದ ಪಾಡು ಇದಕ್ಕಿಂತ ಕಷ್ಟ. ಯಾರು ಎಂಬುದಕ್ಕೆ ಒಂದು ಸಾಲು ಸಾಕಾಯಿತು. ಯಾಕೆ ಎಂಬುದಕ್ಕೆ ಐದು ಪುಟ ಬರೆದು ಹೊಡೆದುಹಾಕಿ, ಕೊನೆಗೆ ಎರಡು ಸಾಲು ಉಳಿಸಿಕೊಂಡ: ‘ನನ್ನ ಹೆಂಡತಿ ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಮುನ್ನೂರು ಚಾದರ ಮಡಿಸುತ್ತಿದ್ದಾಳೆ. ಬೇರೆಯವರು ಮಡಿಸಿದ ಚಾದರದ ಮೇಲೆ ಅವಳು ನಾಲ್ಕು ದಿನ ಮಲಗಬೇಕು.’ ಕೆಳಗೆ ತಾರೀಕು, ಹನ್ನೆರಡರಿಂದ ಹದಿನೈದು.

ಸರಿಯಾಗಿತ್ತು. ಅಷ್ಟಕ್ಕೇ ನಿಲ್ಲಿಸಿ ಡಬ್ಬಿಗೆ ಹಾಕಿದ್ದರೆ ಈ ಕಥೆಯಿರುತ್ತಿರಲಿಲ್ಲ. ವಿಳಾಸಪ್ಪ ನಾಲ್ಕು ಜನರ ಅಭಿಪ್ರಾಯ ಕೇಳೋಣವೆಂದುಕೊಂಡ.

ಮೊದಲು ಡಾಕ್ಟರು. ಬಾಯಿ ತೆರೆದು ಕುಳಿತ ರೋಗಿಯನ್ನು ಹಾಗೇ ಬಿಟ್ಟು ಬಂದು ಎರಡು ಸಲ ಓದಿದರು. “ಒಳ್ಳೇ ಗಟ್ಟಿ ಬರವಣಿಗೆ. ಒಂದ್ ದಿನ ಇಟ್ಕೊಂಡು ನೋಡ್ಲಾ? ಕಾರ್ಡೂ ಕೊಟ್ಟಿರಿ.”

ಆಮೇಲೆ ಮೇಲಂತಸ್ತಿನ ವಿಮೆ ಏಜೆಂಟ್. ಇವನು ನೂರಾರು ಜನರಿಗೆ ಸಾವಿನ ಭಯ ಹುಟ್ಟಿಸಿ ಚೆನ್ನಾಗಿ ಬದುಕಿದವನು. “ಕಾಗದ ಕಳೆದ್ರೆ ಏನ್ ಗತಿ ಅಂತ ಯೋಚಿಸಿದ್ದೀರಾ?” ಎಂದು ವಿಳಾಸಪ್ಪನ ಮುಖದ ರಕ್ತವನ್ನೆಲ್ಲ ಇಳಿಸಿದ ಮೇಲೆ, “ಒಂದ್ ದಿನ ನನ್ ಹತ್ರ ಇರ್ಲಿ,” ಎಂದ.

ಪಿಟೀಲು ಟೀಚರು ಕೆಳಂತಸ್ತಿನವರು. ಮದುವೆಯಾಗದವರು, ಒಂದು ಬೆಕ್ಕು ಸಾಕಿದವರು. ಕಾಗದವನ್ನು ಗಟ್ಟಿಯಾಗಿ ಓದಿ, “ಲಯ ಇದೆ,” ಎಂದರು. “ಆದ್ರೆ ಎರಡ್ನೇ ಸಾಲು ಇನ್ನೊಂದ್ ಸಲ ಮನಸ್ಸಲ್ಲೇ ಹಾಡ್ಕೊಂಡು ನೋಡ್ಬೇಕು. ನಾಳೆ ಕೊಡ್ಲಾ?”

ಕೊನೆಗೆ ಕಚೇರಿಯ ಸೂಪರಿಂಟೆಂಡೆಂಟ್ ಸಾಹೇಬರು. ಎರಡು ಬೀದಿ ಆಚೆ ಮನೆ, ತುಟಿಯ ಮೇಲೆ ಬಾಚಿ ಇಟ್ಟ ಮೀಸೆ. ರಜಾ ಅರ್ಜಿಯ ಜೊತೆ ಹೋಗುವ ಜಾಗದ ವಿವರ ಲಗತ್ತಿಸಬೇಕೆಂದು ಯಾವ ನಿಯಮವೂ ಇರಲಿಲ್ಲ. ವಿಳಾಸಪ್ಪ ತಾನೇ ಲಗತ್ತಿಸಿದ. ಸಾಹೇಬರು ಕಾರ್ಡನ್ನೂ ಕರಡನ್ನೂ ಡ್ರಾಯರಿಗೆ ಹಾಕಿ ಹೇಳಿದರು: “ಪರಿಶೀಲಿಸಬೇಕು. ನಾಳೆ ಬನ್ನಿ.”

ನಾಲ್ಕು ದಿನಕ್ಕೆ ನಾಲ್ಕು ಕೈ ತಿರುಗಿ ಕಾಗದ ವಾಪಸು ಬಂತು. ಯಾರೂ ಒಂದಕ್ಷರ ತಿದ್ದಿರಲಿಲ್ಲ. ವಿಳಾಸಪ್ಪ ಹಿಗ್ಗಿದ.

ಇತ್ತ ಮನೆಯಲ್ಲಿ ಪ್ರತಿ ಸಂಜೆ ಹೆಂಡತಿ ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದಳು. “ಹಾಕಿದ್ರಾ?”

“ನಾಳೆ.”

“ಹಾಕಿದ್ರಾ?”

“ಲಕೋಟೆ ಬದಲಾಯಿಸ್ಬೇಕು.”

“ಹಾಕಿದ್ರಾ?”

ಒಂದು ಸಂಜೆ ಅವಳು ಅಟ್ಟದಿಂದ ಸೂಟ್‌ಕೇಸು ಇಳಿಸಿ, ಧೂಳು ಕೊಡವುತ್ತಾ, ಹಾಡು ಗುನುಗುತ್ತಾ ಕೇಳಿದಳು. ಹಾಡು ಗುನುಗುವ ಹೆಂಗಸಿಗೆ ಇಲ್ಲ ಎನ್ನುವುದು ಹೇಗೆ?

“ಹೂಂ, ಹಾಕ್ದೆ,” ಎಂದ ವಿಳಾಸಪ್ಪ.

ಕಾಗದ ಕೋಟಿನ ಒಳಜೇಬಿನಲ್ಲಿತ್ತು.

ಅಲ್ಲಿಂದ ಉತ್ತರ ಕಾಯುವ ಕಾಲ ಶುರುವಾಯಿತು. ಅವಳು ಲಾಂಡ್ರಿಯಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದಳು. ಅವನು ದಿನಕ್ಕೊಂದು ಕಾರಣ ಹೇಳುತ್ತಿದ್ದ, ಹಾಕದ ಕಾಗದ ದಾರಿಯಲ್ಲಿ ಎಲ್ಲೆಲ್ಲಿ ಸಿಕ್ಕಿಕೊಂಡಿರಬಹುದೆಂದು. ಆ ವಿಷಯದಲ್ಲಿ ಅವನ ಪಾಂಡಿತ್ಯ ಅಪಾರ. ಒಂದು ವಾರದಲ್ಲಿ ಅವನಿಗೇ ಕಾಗದ ನಿಜವಾಗಿ ಹೊರಟಿದೆಯೆಂದೂ, ಯಾವುದೋ ಜಂಕ್ಷನ್ನಿನಲ್ಲಿ ಚಳಿಯಲ್ಲಿ ಕೂತಿದೆಯೆಂದೂ ಕನಿಕರ ಹುಟ್ಟಿತು.

ಒಂದು ಭಾನುವಾರದ ಹಿಂದಿನ ದಿನ ಪೋಸ್ಟ್‌ಮ್ಯಾನ್ ಮೆಟ್ಟಿಲು ಹತ್ತುತ್ತಾ ಕೂಗಿದ: “ಏನ್ರಪ್ಪ ಇದು, ಎಲ್ರಿಗೂ ಒಂದೇ ಥರ! ಹಸಿರು ಶಾಯಿ!” ಅವನ ಕೈಯಲ್ಲಿ ಮೂರು ಲಕೋಟೆ. ಮೂರು ಬಾಗಿಲು ಒಟ್ಟಿಗೆ ತೆರೆದವು. ಹಲ್ಲಿನ ಡಾಕ್ಟರು ಒಂದು ಕಸಿದುಕೊಂಡರು. ವಿಮೆ ಏಜೆಂಟ್ ಒಂದು. ಟೀಚರು ಒಂದು. ಮೂವರೂ ತಮ್ಮದನ್ನು ಬೆನ್ನ ಹಿಂದೆ ಬಚ್ಚಿಟ್ಟು, ಮಿಕ್ಕ ಇಬ್ಬರ ಬೆನ್ನ ಹಿಂದೆ ಕಣ್ಣು ಹಾಯಿಸಿದರು.

ವಿಳಾಸಪ್ಪನ ಹೆಂಡತಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಓಡಿ ಬಂದಳು. “ನಮ್ದು?”

“ನಿಮ್ದಿಲ್ಲಮ್ಮ.”

ಡಾಕ್ಟರು ಗಂಟಲು ಸರಿಮಾಡಿಕೊಂಡರು. “ಏನಿಲ್ಲ, ಒಂದ್ ಸಣ್ಣ ಪ್ರವಾಸ. ಹನ್ನೆರಡರಿಂದ ಹದಿನೈದು.”

“ನಂದೂ,” ಎಂದ ಏಜೆಂಟ್.

“ನೀವು ತಾರೀಕಾದ್ರೂ ಬದಲಾಯಿಸ್ಲಿಲ್ವಾ?” ಎಂದರು ಟೀಚರು, ಸಿಟ್ಟಿನಿಂದ.

“ತಿಳಿದವರು ಬರೆದಿದ್ದು. ನಾವು ಕೈ ಹಾಕಿ ಕೆಡಿಸೋದ್ಯಾಕೆ ಅಂತ ಹಾಗ್ಹಾಗೇ ಇಳಿಸ್ದೆ,” ಎಂದರು ಡಾಕ್ಟರು.

“ಹಾಗ್ಹಾಗೇ ಅಂದ್ರೆ, ಹೆಂಡತಿ ಚಾದರ ಮಡಿಸ್ತಾಳೆ ಅನ್ನೋದೂ?” ಎಂದರು ಟೀಚರು.

“ಅದೇ ಅಲ್ವಾ ಕಾಗದದ ಜೀವ! ನೀವೂ ಅದನ್ನೇ ಬರೆದ್ರಾ ಟೀಚರೇ? ನಿಮಗೆಲ್ಲಿ ಹೆಂಡತಿ?”

ಟೀಚರು ಕೆಂಪಗಾಗಿ ಬಾಗಿಲು ಹಾಕಿಕೊಂಡರು. ನಾಲ್ಕನೆಯ ಹಸಿರು ಶಾಯಿ ಎರಡು ಬೀದಿ ಆಚೆ ಮೀಸೆಯ ಮನೆಗೆ ತಲುಪಿದೆಯೆಂದು ಪೋಸ್ಟ್‌ಮ್ಯಾನೇ ಹೇಳಿದ. ಅಲ್ಲಿಗೆ ನಾಲ್ಕು ಕೋಣೆಯೂ ಭರ್ತಿ. ಕಳೆಯಿರುವ ಹೋಟೆಲು, ಆಫ್ ಸೀಸನ್ನು, ಎಲ್ಲ ವಿಳಾಸಪ್ಪನ ಮಾತಿನಂತೆಯೇ ಆಗಿತ್ತು, ವಿಳಾಸಪ್ಪನೊಬ್ಬನನ್ನು ಬಿಟ್ಟು.

“ನಮ್ದು ದಾರಿ ತಪ್ಪಿರ್ಬೇಕು,” ಎಂದ ವಿಳಾಸಪ್ಪ ಮನೆಯೊಳಗೆ, ಗೋಡೆಯ ಕಡೆ ನೋಡುತ್ತಾ.

ಹೆಂಡತಿ ಅವನ ಕೋಟನ್ನು ಒಗೆಯಲು ತೆಗೆದುಕೊಂಡಳು. ಇಪ್ಪತ್ತೆರಡು ವರ್ಷ ಜೇಬು ನೋಡದೆ ಒಂದೇ ಒಂದು ಬಟ್ಟೆಯನ್ನೂ ನೀರಿಗೆ ಹಾಕದ ಹೆಂಗಸು ಅವಳು. ಅಂಥವಳ ಮನೆಯಲ್ಲಿ ಕಾಗದವನ್ನು ಕೋಟಿನ ಜೇಬಿನಲ್ಲಿ ಬಚ್ಚಿಟ್ಟವನ ಬುದ್ಧಿಗೆ ಏನು ಹೇಳುವುದು? ಕಾಗದ ಹೊರಬಂತು. ಅವಳು ಅರಚಲಿಲ್ಲ, ಅಳಲಿಲ್ಲ. ಮುದುರಿದ ಕಾಗದವನ್ನೂ ಲಕೋಟೆಯನ್ನೂ ಮೇಜಿನ ಮೇಲೆ ಹರಡಿ, ಇಸ್ತ್ರಿಪೆಟ್ಟಿಗೆ ಕಾಯಿಸಿ, ಅಂಚಿನಿಂದ ಅಂಚಿಗೆ ನೀಟಾಗಿ ಇಸ್ತ್ರಿ ಮಾಡಿದಳು. ಉಳಿದಿದ್ದ ಮೇಣ ಕರಗಿ ಲಕೋಟೆಯ ತುಂಬ ಹರಡಿತು. ಅದನ್ನು ಗಂಡನ ಮುಂದಿಟ್ಟು, ಸೂಟ್‌ಕೇಸನ್ನು ಅಟ್ಟಕ್ಕೆ ಹಾಕಲು ಸ್ಟೂಲು ಎಳೆದುಕೊಂಡಳು. ಈ ಸಲ ಸ್ಟೂಲನ್ನು ಹಿಡಿಯಲು ಬಂದ ಗಂಡನನ್ನು ಹತ್ತಿರ ಸೇರಿಸಲಿಲ್ಲ.

ವಿಳಾಸಪ್ಪ ಇಂಗು ತಿಂದ ಮಂಗನಂತೆ ಕೂತ. ಆ ರಾತ್ರಿಯೂ ಮರುದಿನವೂ ಅವಳು ಅವನೊಡನೆ ಆಡಿದ್ದು ಒಂದೇ ಮಾತು, “ಉಪ್ಪು ಆ ಕಡೆ ಇದೆ.”

ಹನ್ನೊಂದನೆಯ ತಾರೀಕು ಸಂಜೆ ಕಟ್ಟಡ ಖಾಲಿಯಾಯಿತು. ಹೋಗುವಾಗ ಒಬ್ಬೊಬ್ಬರೇ ಬಂದು, ಕಣ್ಣು ತಪ್ಪಿಸಿಕೊಂಡು, ಬೀಗದ ಕೈ ಕೊಟ್ಟರು. ಹೇಗೂ ನೀವು ಇಲ್ಲೇ ಇರ್ತೀರಲ್ಲ. ಡಾಕ್ಟರ ಮನೆಯ ಕುಂಡಗಳಿಗೆ ನೀರು. ಟೀಚರ ಬೆಕ್ಕಿಗೆ ಹಾಲು. ಏಜೆಂಟಿಗೆ ಕಳ್ಳರ ಭಯ, ಸಂಜೆ ದೀಪ ಹಾಕಬೇಕು. ಸೂಪರಿಂಟೆಂಡೆಂಟರು ಕಚೇರಿಯಲ್ಲೇ ಕರೆದು, “ನಾನಿಲ್ಲದಾಗ ವಿಭಾಗ ನೋಡಿಕೊಳ್ಳೋರು ಬೇಕು, ನಿಮ್ಮ ರಜಾ ಸಾಧ್ಯವಿಲ್ಲ,” ಎಂದು ಅರ್ಜಿ ವಾಪಸು ಕೊಟ್ಟು, ಅದರ ಮೇಲೆ ಬೀಗದ ಕೈ ಇಟ್ಟರು. ಅವರ ಮನೆಯಲ್ಲಿ ಎರಡು ಬಣ್ಣದ ಮೀನಿದ್ದವು.

ವಿಳಾಸಪ್ಪ ನಾಲ್ಕು ಬೀಗದ ಕೈಗಳನ್ನು ಮೇಜಿನ ಮೇಲೆ ಹರಡಿ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಹೆಂಡತಿ ಬಂದು ನಿಂತು ನೋಡಿದಳು. ಬಹಳ ಹೊತ್ತು ನೋಡಿದಳು. ಒಂದನ್ನು ಪಕ್ಕಕ್ಕೆ ಸರಿಸಿ, ಇನ್ನೊಂದನ್ನು ಎತ್ತಿ ಬೆಳಕಿಗೆ ಹಿಡಿದಳು.

“ನಾಲ್ಕು ದಿನ,” ಎಂದಳು. “ನಾಲ್ಕು ಮನೆ. ಎಲ್ಲ ಚಾದರಾನೂ ಬೇರೆಯವರು ಮಡಿಸಿದ್ದು.”

“ಅಯ್ಯೋ! ಏನ್ ಹೇಳ್ತಿದೀಯಾ? ಗೊತ್ತಾದ್ರೆ?”

“ನೀವು ಬೆಳಿಗ್ಗೆ ಏಳು ಗಂಟೆಗೆ ಬಾಗಿಲು ತಟ್ಟಿ ಚಾ ತರ್ಬೇಕು. ‘ಮೇಡಂ, ಚಾ’ ಅನ್ಬೇಕು. ನಾನು ‘ಅಲ್ಲಿಟ್ಟು ಹೋಗಿ’ ಅಂತೀನಿ. ಅಷ್ಟು ಮಾಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಅವಳು ಸೂಟ್‌ಕೇಸನ್ನು ಮತ್ತೆ ಇಳಿಸಿದಳು. ಸ್ಟೂಲನ್ನು ಹಿಡಿಯಲು ಈ ಸಲ ಗಂಡನಿಗೆ ಅಪ್ಪಣೆಯಾಯಿತು.

ಹೀಗೆ ಅವರ ಪ್ರವಾಸ ಹೊರಟಿತು, ಒಂಬತ್ತು ಹೆಜ್ಜೆ ದೂರಕ್ಕೆ. ಮೊದಲ ಮುಕ್ಕಾಮು ಡಾಕ್ಟರ ಮನೆ. ಬೆಳಿಗ್ಗೆ ಏಳಕ್ಕೆ ವಿಳಾಸಪ್ಪ ಟ್ರೇ ಹಿಡಿದು ಹೋದಾಗ ಅವಳು ಮಂಚದಲ್ಲಿರಲಿಲ್ಲ. ಡಾಕ್ಟರ ಹಳೆಯ ಹಲ್ಲು ಕೀಳುವ ಕುರ್ಚಿಯಲ್ಲಿ, ಕಾಲು ಚಾಚಿ, ದೀಪವನ್ನು ಮುಖದಿಂದ ಆಚೆ ತಿರುಗಿಸಿ, ಪೇಪರು ಓದುತ್ತಿದ್ದಳು.

“ಮೇಡಂ, ಚಾ.”

“ಸಕ್ಕರೆ ಕಡಿಮೆ. ನಿಮ್ಮ ಮ್ಯಾನೇಜರಿಗೆ ಹೇಳಿ.”

“ಹೇಳ್ತೀನಿ ಮೇಡಂ,” ಎಂದ ವಿಳಾಸಪ್ಪ. ಎಷ್ಟೋ ದಿನದ ಮೇಲೆ ಅವಳು ತಮಾಷೆಯಾಗಿ ಮಾತಾಡಿದ್ದಕ್ಕೆ ಅವನಿಗೆ ಸಕ್ಕರೆಯ ಡಬ್ಬಿಯನ್ನೇ ತಂದುಕೊಡೋಣವೆನಿಸಿತು.

ಎರಡನೆಯ ದಿನ ಏಜೆಂಟಿನ ಮನೆ. ಗೋಡೆಯ ತುಂಬ ಬೆಂಕಿ ಬಿದ್ದ ಮನೆ, ಮುಳುಗಿದ ದೋಣಿ, ಮುರಿದ ಕಾಲುಗಳ ಚಿತ್ರ. “ನೋಟ ಚೆನ್ನಾಗಿಲ್ಲ,” ಎಂದು ದೂರಿ ಅವಳು ಎಲ್ಲ ಚಿತ್ರಗಳನ್ನೂ ಗೋಡೆಗೆ ಮುಖ ಮಾಡಿಸಿ ಹನ್ನೊಂದು ಗಂಟೆಯವರೆಗೆ ಮಲಗಿದಳು. ಮೂರನೆಯ ದಿನ ಟೀಚರ ಮನೆಯಲ್ಲಿ ಬೆಕ್ಕು ಅವಳ ಹೊಟ್ಟೆಯ ಮೇಲೆ ಕೂತು ಏಳಲೊಪ್ಪಲಿಲ್ಲವಾಗಿ, ಚಾವನ್ನು ವಿಳಾಸಪ್ಪನೇ ಕುಡಿಸಬೇಕಾಯಿತು.

ನಾಲ್ಕನೆಯ ಬೆಳಿಗ್ಗೆ ಅವನು ಟ್ರೇ ಹಿಡಿದು ಎರಡು ಬೀದಿ ದಾಟಿದ. ಸೂಪರಿಂಟೆಂಡೆಂಟರ ಮನೆ ಮುಟ್ಟುವಷ್ಟರಲ್ಲಿ ಅರ್ಧ ಚಾ ತಟ್ಟೆಯಲ್ಲಿತ್ತು. ಸಾಹೇಬರ ದೊಡ್ಡ ಕುರ್ಚಿಯಲ್ಲಿ ಸಾಹೇಬರ ಶಾಲು ಹೊದ್ದು ಹೆಂಡತಿ ಕೂತಿದ್ದಳು. ವಿಳಾಸಪ್ಪ ಅಭ್ಯಾಸಬಲದಿಂದ ಸಲಾಮು ಹೊಡೆದ.

“ತಡ ಯಾಕೆ? ಲಿಖಿತ ವಿವರಣೆ ಕೊಡಿ,” ಎಂದಳು ಅವಳು, ಮೀಸೆಯಿರಬೇಕಾದ ಜಾಗವನ್ನು ತೀಡಿಕೊಳ್ಳುತ್ತಾ. ಇಬ್ಬರೂ ನಕ್ಕು ನಕ್ಕು ನೆಲಕ್ಕೆ ಕೂತರು. ಮೀನುಗಳು ಗಾಜಿಗೆ ಬಾಯಿ ಹಚ್ಚಿ ಎಲ್ಲ ನೋಡಿದವು. ದೂರು ಬರೆಯುವ ಸೌಕರ್ಯ ಅವಕ್ಕಿರಲಿಲ್ಲ.

ತೊಂದರೆ ಬಂದದ್ದು ಹೊರಡುವಾಗ. ಅವಳು ಮಲಗೆದ್ದ ಚಾದರವನ್ನು ಒಗೆದು ಒಣಗಿಸಿ ಮಡಿಸಿಟ್ಟಳು. ವಿಳಾಸಪ್ಪ ಅದನ್ನು ನೋಡಿ ಬೆವರಿದ. ನಾಲ್ಕು ಮೂಲೆ ಒಂದಾಗಿ, ಅಂಚು ಗೆರೆ ಹೊಡೆದಂತೆ, ಪುಸ್ತಕದ ಹಾಗೆ ಕೂತಿತ್ತು. ಆ ಮನೆಗಳಲ್ಲಿ ಎಂದಾದರೂ ಚಾದರ ಹೀಗೆ ಕೂತದ್ದುಂಟೆ?

“ಸ್ವಲ್ಪ ಕೆಟ್ಟದಾಗಿ ಮಡಿಸೇ! ಸಿಕ್ಕಿಬೀಳ್ತೀವಿ!”

ಅವಳು ಬಿಡಿಸಿ, ಕಣ್ಣು ಮುಚ್ಚಿ ಹೇಗೋ ಮಡಿಸಿದಳು. ಮೂಲೆಗಳು ತಾವಾಗೇ ಬಂದು ಕೂಡಿಕೊಂಡವು. ಎಡಗೈಯಲ್ಲಿ ಮಡಿಸಿದಳು. ಇನ್ನೂ ನೀಟಾಯಿತು. “ನನ್ ಕೈಲಿ ಆಗಲ್ಲರೀ,” ಎಂದಳು. ವಿಳಾಸಪ್ಪನಿಗೆ ಕೆಟ್ಟದಾಗಿ ಮಡಿಸಲು ಚೆನ್ನಾಗಿ ಬರುತ್ತಿತ್ತು. ಆದರೆ ಅವನ ಕೈಗೆ ಚಾದರ ಕೊಡಲು ಅವಳ ಆತ್ಮ ಒಪ್ಪಲಿಲ್ಲ.

ಹದಿನೈದರ ಸಂಜೆ ಕಟ್ಟಡದ ಮೂರೂ ಮನೆಯವರು ಒಂದೇ ಗಾಡಿಯಲ್ಲಿ, ಮೂರು ದಿಕ್ಕಿಗೆ ಮುಖ ಮಾಡಿಕೊಂಡು ಬಂದಿಳಿದರು. ಮೊದಲು ಡಾಕ್ಟರ ಬಾಗಿಲು ತೆರೆಯಿತು; ಸಾಮಾನು ಹಿಡಿದು ಮಿಕ್ಕವರೂ ಅಲ್ಲೇ ನಿಂತಿದ್ದರು. ಹಜಾರದಿಂದಲೇ ಕಾಣುವ ಮಂಚದ ಮೇಲೆ, ಇಸ್ತ್ರಿ ಮಾಡಿದ ಮೋಡದ ತುಂಡಿನಂತೆ ಚಾದರ ಕೂತಿತ್ತು.

ಡಾಕ್ಟರ ಹೆಂಡತಿ ಚಾದರ ನೋಡಿದರು. ಗಂಡನನ್ನು ನೋಡಿದರು. ಹಿಂದೆ ನಿಂತು ಇಣುಕುತ್ತಿದ್ದ ಏಜೆಂಟನ್ನೂ ಟೀಚರನ್ನೂ ನೋಡಿದರು. ಹೋಟೆಲಿನಲ್ಲಿ ಏನೋ ನಡೆದಿತ್ತು, ಏಕೆಂದರೆ ಅವರು ಗದ್ದ ಎತ್ತಿ, ಪ್ರತಿ ಅಕ್ಷರ ಒತ್ತಿ ಹೇಳಿದರು: “ನೋಡಿದ್ರಾ? ಮನೇಲಿ ನಾನು ಮಡಿಸೋದು ಹೀಗೇ. ಅಲ್ಲಿ ನಂಗೆ ಕೈ ನೋವಿತ್ತು.”

ಐದು ನಿಮಿಷದಲ್ಲಿ ಮೇಲಂತಸ್ತಿನಿಂದ ಏಜೆಂಟಿನ ದನಿ ಕೇಳಿತು. “ನಮ್ದೂ ಬಂದು ನೋಡಿ! ನಾನೇ ಮಡಿಸಿಟ್ಟು ಹೋಗಿದ್ದು!” ಟೀಚರು ತಮ್ಮ ಬಾಗಿಲನ್ನು ಎಲ್ಲರಿಗೂ ಕಾಣುವಂತೆ ಅರ್ಧ ಗಂಟೆ ತೆರೆದಿಟ್ಟರು. ವಿಳಾಸಪ್ಪ ಬದುಕಿಕೊಂಡ.

ಅಂಚೆ ಕಚೇರಿಯಲ್ಲಿ ನಾಲ್ಕೈದು ದಿನವಾದ ಮೇಲೆ ಅವನ ಮೇಜಿಗೆ ಒಂದು ಲಕೋಟೆ ಬಂತು. ಹಸಿರು ಶಾಯಿ. ಕಟ್ಟಡದ ವಿಳಾಸ ಸರಿಯಾಗಿತ್ತು, ಹೆಸರಿನ ಜಾಗದಲ್ಲಿ ಮಾತ್ರ ‘ಅಸಲು ಕಾಗದ ಬರೆದವರಿಗೆ’ ಎಂದಿತ್ತು. ಪೋಸ್ಟ್‌ಮ್ಯಾನ್ ಮಧ್ಯಾಹ್ನ ಮೆಟ್ಟಿಲ ಮೇಲೆ ನಿಂತು “ಅಸಲು ಬರೆದೋರು ಯಾರು?” ಎಂದು ಕೂಗಿದನಂತೆ. ಮೂರು ಬಾಗಿಲು ಮೆಲ್ಲಗೆ ಮುಚ್ಚಿಕೊಂಡವಂತೆ. ‘ವಿಳಾಸದಾರರು ಸಿಗಲಿಲ್ಲ’ ಎಂದು ಮೊಹರು ಬಿದ್ದಿತ್ತು.

ತಲುಪದ ಕಾಗದವನ್ನು ತೆರೆಯಬೇಕಾದರೆ ಮೇಲಧಿಕಾರಿ ಎದುರಿಗಿರಬೇಕು, ಗಟ್ಟಿಯಾಗಿ ಓದಬೇಕು. ಇದು ನಿಯಮ. ಸೂಪರಿಂಟೆಂಡೆಂಟರು ಬಂದು ಕೂತರು, ಹಸಿರು ಶಾಯಿ ಕಂಡು ಅರ್ಧ ಎದ್ದರು. ಆದರೆ ನಿಯಮ ನಿಯಮವೇ. ವಿಳಾಸಪ್ಪ ಓದಿದ:

‘ನನಗೆ ನಾಲ್ಕು ಕಾಗದ ಬಂದವು. ಮೊದಲನೆಯದನ್ನು ಓದಿ ಕಣ್ಣು ತುಂಬಿತು. ಎರಡನೆಯದಕ್ಕೆ ಆಶ್ಚರ್ಯವಾಯಿತು. ಮೂರನೆಯದಕ್ಕೆ ನಗು ಬಂತು. ನಾಲ್ಕನೆಯದು ಬಂದಾಗ, ಎಲ್ಲರನ್ನೂ ಕರೆಸಿ ನೋಡಿಬಿಡೋಣವೆನಿಸಿತು. ಬಂದ ದಿನವೇ ಒಗೆದ ಚಾದರದ ರಾಶಿ ಮುಂದಿಟ್ಟೆ. ಒಬ್ಬರು ಕೈ ನೋವೆಂದರು. ಒಬ್ಬರು, ಮಡಿಸುವಾಗ ಬೆನ್ನು ಉಳುಕಿದರೆ ಜವಾಬ್ದಾರಿ ಯಾರದೆಂದು ಕೇಳಿದರು. ಒಬ್ಬರನ್ನು ನಿಮ್ಮ ಹೆಂಡತಿ ಎಲ್ಲಿ ಎಂದು ಕೇಳಿದ್ದಕ್ಕೆ ಅತ್ತುಬಿಟ್ಟರು. ಮೀಸೆಯವರೊಬ್ಬರು...’

“ಆ ಸಾಲು ಬಿಡಿ,” ಎಂದರು ಸೂಪರಿಂಟೆಂಡೆಂಟರು.

“ನಿಯಮದ ಪ್ರಕಾರ ಪೂರ್ತಿ ಓದ್ಬೇಕಲ್ಲ ಸಾರ್.”

“...ಓದಿ.”

‘ಮೀಸೆಯವರೊಬ್ಬರು ಚಾದರವನ್ನು ಚಾಪೆಯಂತೆ ಸುರುಳಿ ಸುತ್ತಿ, ಅದರ ಮೇಲೆ ಕೂತು, ಇದೂ ಒಂದು ಪದ್ಧತಿ ಎಂದರು. ನಾಲ್ಕೂ ದಿನ ಈ ಜನ ಜಗಳವಾಡಿದರು. ಬರೆದು ಬರುವವರು ಜಗಳವಾಡುವುದಿಲ್ಲವೆಂಬ ಸಾಲನ್ನು ನನ್ನ ಕಾರ್ಡಿನಿಂದ ತೆಗೆಸುತ್ತಿದ್ದೇನೆ. ಆದರೆ ಇವರ ಕಾಗದಗಳು ಇವರದಲ್ಲ. ಎಲ್ಲೋ ಒಂದು ಅಸಲಿದೆ, ಅದು ನನಗಿನ್ನೂ ಬಂದಿಲ್ಲ. ಅದನ್ನು ಬರೆದವರು ದಯವಿಟ್ಟು ಹಾಕಿ. ನಕಲು ಬೇಡ, ಅಸಲೇ ಬೇಕು. ಆ ಹೆಂಗಸಿಗಾಗಿ ಒಂದು ಕೋಣೆ ಕಾದಿರಿಸಿದ್ದೇನೆ.’

ಸೂಪರಿಂಟೆಂಡೆಂಟರು ಮೀಸೆಯನ್ನು ಎರಡು ಕಡೆಯೂ ತೀಡಿದರು.

“ನಾನು ಹೋಗಿ ಬರುವಷ್ಟರಲ್ಲಿ ನನ್ನ ಎರಡೂ ಮೀನು ದಪ್ಪಗಾಗಿದ್ದವು,” ಎಂದರು ಕೊನೆಗೆ. “ಚಾದರಾನೂ... ಇರ್ಲಿ. ನಿಮ್ಮ ಹಳೇ ರಜಾ ಅರ್ಜಿ ಇದೆಯಾ?”

ವಿಳಾಸಪ್ಪ ಕೊಟ್ಟ. ಅವರು ತಾರೀಕಿನ ಜಾಗವನ್ನು ಖಾಲಿ ಬಿಟ್ಟು ಸಹಿ ಹಾಕಿದರು. “ಲಾಂಡ್ರಿಯೋರು ಯಾವಾಗ ರಜಾ ಕೊಡ್ತಾರೋ ನೀವೇ ತುಂಬ್ಕೊಳ್ಳಿ. ಈ ಕಾಗದದ ವಿಷಯ ಹೊರಗೆ ಬೇಡ.”

ಮನೆಯಲ್ಲಿ ಹೆಂಡತಿ ಹಸಿರು ಶಾಯಿಯ ಕಾಗದವನ್ನು ಎರಡು ಸಲ ಓದಿದಳು. ಎರಡನೆಯ ಸಲ ಬಹಳ ನಿಧಾನವಾಗಿ.

“ರಜಾ ನಾನು ನೋಡ್ಕೋತೀನಿ,” ಎಂದಳು. “ಕಾಗದ ನೀವು ನೋಡ್ಕೊಳ್ಳಿ.”

“ಇನ್ನೊಂದ್ ಸಲ ನೀಟಾಗಿ ಬರೆದು...”

“ಅಸಲೇ ಬೇಕಂತೆ, ಓದ್ಲಿಲ್ವಾ?”

ಅವನು ಇಸ್ತ್ರಿಯಾದ ಕಾಗದವನ್ನು ಮೇಣದ ಲಕೋಟೆಗೆ ಹಾಕಿದ. ಕೆರೆದುಹೋದ ವಿಳಾಸವನ್ನು ಮೇಣದ ಮೇಲೇ ಒತ್ತಿ ಮತ್ತೆ ಬರೆದ. ಅಂಚೆಚೀಟಿ ಮೇಣದ ಮೇಲೆ ನಿಲ್ಲದೆ ಜಾರುತ್ತಿತ್ತು. ಹೆಂಡತಿ ಸೂಜಿದಾರ ತಂದು ನಾಲ್ಕು ಮೂಲೆಗೂ ಒಂದೊಂದು ಹೊಲಿಗೆ ಹಾಕಿದಳು.

ಬೆಳಿಗ್ಗೆ ವಿಳಾಸಪ್ಪ ಬೀದಿ ಮೂಲೆಯ ಅಂಚೆ ಡಬ್ಬಿಯ ಮುಂದೆ ನಿಂತ. ಬಸವನಹುಳು ಇದೆಯೇ ಎಂದು ಡಬ್ಬಿಯ ಬಾಯಿಯಲ್ಲಿ ಬೆರಳಾಡಿಸಿ ನೋಡಿದ. ಕೈಯನ್ನು ಮಣಿಕಟ್ಟಿನವರೆಗೆ ಒಳಗಿಟ್ಟ. ಲಕೋಟೆ ಒಳಗಿತ್ತು, ಬೆರಳುಗಳೂ ಒಳಗಿದ್ದವು, ಬೆರಳು ಬಿಡುತ್ತಿರಲಿಲ್ಲ. ಹಾಲಿಗೆ ಹೊರಟ ಡಾಕ್ಟರು ನೋಡಿಯೂ ನೋಡದಂತೆ ದಾಟಿಹೋದರು. ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಸೈಕಲಿನಿಂದಿಳಿದು ಚೀಲ ಹಿಡಿದು ಬಂದು, ಡಬ್ಬಿಯ ಕೆಳಗಿನ ಬಾಗಿಲು ತೆರೆದು ಒಳಗೆ ಕೈ ಹಾಕಿದವನು ಬೆಚ್ಚಿಬಿದ್ದ.

“ಯಾರ್ರೀ ಇದು, ಒಳಗೆ ಕೈ ಇದೆ!”

“ನಾನೇ.”

“ವಿಳಾಸಪ್ಪ? ಬಿಡಿ, ಕಾಗದ ಬಿಡಿ.”

“ತಲುಪತ್ತಾ?”

“ವಿಳಾಸ ಬರೆದಿದೀರಾ?”

“ಮೂರು ಕಡೆ.”

“ಚೀಟಿ ಹಚ್ಚಿದೀರಾ?”

“ಹೊಲಿದಿದೀವಿ.”

ಪೋಸ್ಟ್‌ಮ್ಯಾನ್ ಕೆಳಗಿನಿಂದ ಮೆಲ್ಲಗೆ ಎಳೆದ. ಮೇಲೆ, ಎರಡನೆಯ ಅಂತಸ್ತಿನ ಕಿಟಕಿಯಲ್ಲಿ, ಕೈಯಲ್ಲಿ ಅರ್ಧ ಮಡಿಸಿದ ಚಾದರ ಹಿಡಿದು ಹೆಂಡತಿ ನಿಂತಿದ್ದಳು.

“ಹಾಕಿದ್ರಾ?” ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದಳು.

ವಿಳಾಸಪ್ಪ ಬೆರಳು ಬಿಟ್ಟ.